ಗುಡಿಸಲಿಗೆ ಬಂದ ಸಿಂಹಾಸನ

ಮೂಡಲಗಿಯಲ್ಲಿ ನನ್ನ ಸೋದರಮಾವ ನಾಟಕದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ. ನಮ್ಮ ಕಡೆ ಬಹಳ ಹಳ್ಳಿಗಳಲ್ಲಿ ನಾಟಕ ಆಡುವ ಒಂದು ಗುಂಪು ಇರುತ್ತದೆ. ವರ್ಷವಿಡೀ ಹೊಲ, ಕಿರಾಣಿ ಅಂಗಡಿ, ಶಾಲೆ ಎಂದು ದುಡಿಯುವವರು ಸುಗ್ಗಿ ಮುಗಿದ ಮೇಲೆ ಒಂದು ದಿನ ಮುಖಕ್ಕೆ ಬಣ್ಣ ಹಚ್ಚಿಕೊಂಡು ರಾಜನೋ ಫೌಜದಾರನೋ ಆಗಿಬಿಡುತ್ತಾರೆ. ಅವರ ಹತ್ತಿರ ಹುರುಪು ಇರುತ್ತದೆ, ಬಾಯಿಪಾಠ ಮಾಡಿದ ಮಾತು ಇರುತ್ತದೆ, ಕಿರೀಟ ಮಾತ್ರ ಇರುವುದಿಲ್ಲ. ಕಿರೀಟ, ಗದೆ, ಪೊಲೀಸ್ ಟೋಪಿ, ಬಣ್ಣದ ಪೆಟ್ಟಿಗೆ, ಅರಮನೆ ಬರೆದ ಪರದೆ, ಕಾಡು ಬರೆದ ಪರದೆ, ಹಾರ್ಮೋನಿಯಂ, ಬೇಕಾದರೆ ಪಾತ್ರ ಮಾಡುವ ಕಲಾವಿದರು, ಇಷ್ಟನ್ನೂ ಟೆಂಪೋದಲ್ಲಿ ತುಂಬಿ ಊರೂರಿಗೆ ಕಳಿಸುವುದು ಮಾಮಾನ ಉದ್ಯೋಗ.

ನಾನು ಗೋಕಾಕದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷ ಆಗಿತ್ತು. ಕಂಪ್ಯೂಟರ್ ಇದ್ದ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾಗಿದ್ದ ಕಾಲ ಅದು. ಅರಭಾವಿಯ ಕಾಲೇಜಿನ ಹುಡುಗರು, ಘಟಪ್ರಭಾದಿಂದ ಬರುವ ಹುಡುಗಿಯರು ನನ್ನ ಮುಂದೆ ಕೈಕಟ್ಟಿ ಕೂತು ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಂ ಬರೆಯುವ ಭಾಷೆ ಕಲಿಯುತ್ತಿದ್ದರು. ನಾನು ಅವರಿಗಿಂತ ಬಹಳ ದೊಡ್ಡವಳೇನೂ ಅಲ್ಲ. ಆದರೆ ಕೈಯಲ್ಲಿ ಸೀಮೆಸುಣ್ಣ ಇದ್ದವರು ತಪ್ಪು ಮಾಡುವುದಿಲ್ಲ ಎಂಬುದು ಆಗ ನನ್ನ ಗಟ್ಟಿ ನಂಬಿಕೆ. ಸಿಟ್ಟಂತೂ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು.

ಕಲಿಸುವ ಪಾಠಗಳಲ್ಲಿ ನನಗೆ ಪ್ರಾಣವಾಗಿದ್ದದ್ದು ಇನ್ಹೆರಿಟೆನ್ಸ್. ಮೊದಲು ಒಂದು ತಾಯಿ ಕ್ಲಾಸ್, ಅಂದರೆ ಒಂದು ಬಗೆಯ ವಸ್ತುವಿನಲ್ಲಿ ಏನೇನಿರಬೇಕು ಎಂಬ ನಮೂನೆ, ಬರೆಯಬೇಕು. ಆಮೇಲೆ ಅದರಿಂದ ಹುಟ್ಟುವ ಮಗಳು ಕ್ಲಾಸಿಗೆ ತಾಯಿಯಲ್ಲಿ ಇದ್ದದ್ದೆಲ್ಲ ತಾನಾಗಿಯೇ ಬರುತ್ತದೆ. ಒಮ್ಮೆ ಬರೆದದ್ದನ್ನು ಮತ್ತೆ ಬರೆಯುವ ಗೋಜಿಲ್ಲ. ನನ್ನಂಥ ಸೋಮಾರಿಗೆ ಇದಕ್ಕಿಂತ ದೊಡ್ಡ ವರ ಬೇರೆ ಇರಲಿಲ್ಲ. ಹಲಗೆಯ ಮೇಲೆ ಪ್ರಾಣಿ, ಅದರ ಕೆಳಗೆ ನಾಯಿ, ಬೆಕ್ಕು, ಹಸು ಎಂದು ಗಿಡದ ಹಾಗೆ ಬರೆಯುತ್ತಾ ಹೋದರೆ ಇಡೀ ಜಗತ್ತೇ ಟೊಂಗೆ ಟೊಂಗೆಯಾಗಿ ನನ್ನ ಕೈಯೊಳಗೆ ಬಂದಂತೆ ಆಗುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಮಾಮಾನ ಅಂಗಡಿಯಲ್ಲಿ ಒಂದು ಫಜೀತಿ ಆಯಿತು. ಯಾವುದೋ ಊರಿಗೆ ಸಾಮಾನು ಕಳಿಸುವಾಗ ಭೀಮನ ಗದೆ ಅಂಗಡಿಯಲ್ಲೇ ಉಳಿದುಬಿಟ್ಟಿತು. ಅಲ್ಲಿ ಭೀಮ ಒನಕೆ ಹಿಡಿದು ಯುದ್ಧ ಮಾಡಿದನಂತೆ. ಮಾಮಾ ತಲೆಯಲ್ಲೇ ಎಲ್ಲ ನೆನಪಿಟ್ಟುಕೊಂಡು, ಟೆಂಪೋದ ಬಾಜೂ ನಿಂತು ಕೂಗಿ ಕೂಗಿ ಸಾಮಾನು ಹಾಕಿಸುವವ. ವಯಸ್ಸು ಐವತ್ತು ದಾಟಿದ ಮೇಲೆ ನೆನಪು ಆಗಾಗ ಕೈಕೊಡುತ್ತಿತ್ತು.

"ಏ ತಂಗಿ, ನಿನ್ನ ಕಂಪ್ಯೂಟರಕ್ಕ ಇದು ಆಗತೈತೇನ? ನಾಟಕದ ಹೆಸರ ಹೇಳಿದ್ರ ಸಾಕು, ಏನೇನ ಒಯ್ಯಬೇಕು ಅಂತ ಅದು ಹೇಳಬೇಕು," ಅಂದ ಮಾಮಾ. ನಮ್ಮ ಕಡೆ ಸಣ್ಣ ವಯಸ್ಸಿನ ಯಾವ ಹುಡುಗಿಯೂ ತಂಗಿಯೇ.

"ಆಗತೈತಿ ಮಾಮಾ. ಅದಕ್ಕ ಏನ ಆಗೂದಿಲ್ಲ ಕೇಳು," ಅಂದೆ. ಆ ಮಾತನ್ನು ಈಗ ನೆನೆಸಿಕೊಂಡರೆ ನಗು ಬರುತ್ತದೆ.

ನಮ್ಮ ಕೇಂದ್ರದಲ್ಲಿ ಮೂಲೆಗೆ ಬಿದ್ದಿದ್ದ ಒಂದು ಹಳೆಯ ಕಂಪ್ಯೂಟರು, ಕರ್ ಕರ್ ಎಂದು ಕೂಗುತ್ತಾ ಅಚ್ಚು ಮಾಡುವ ಪ್ರಿಂಟರು ಮಾಮಾನ ಅಂಗಡಿಗೆ ಬಂದವು. ಅವುಗಳಿಗೆ ಜಾಗ ಸಿಕ್ಕಿದ್ದು ಸಿಂಹಾಸನದ ಪಕ್ಕದಲ್ಲಿ. ಆ ಸಿಂಹಾಸನ ಅಂಗಡಿಯ ಹೆಮ್ಮೆ. ಎರಡೂ ಬದಿಗೆ ಸಿಂಹ. ಅದರಲ್ಲಿ ಒಂದಕ್ಕೆ ಕಿವಿ ಮುರಿದಿತ್ತು. ಭಾನುವಾರ ಬಂದರೆ ನಾನು ಗೋಕಾಕದಿಂದ ಬಸ್ಸು ಹತ್ತಿ ಮೂಡಲಗಿಗೆ ಹೋಗುವುದು, ಅತ್ತಿ ಕೊಟ್ಟ ರೊಟ್ಟಿ ತಿಂದು ಪ್ರೋಗ್ರಾಂ ಬರೆಯುವುದು. ಅತ್ತಿ ಎಂದರೆ ಮಾಮಾನ ಹೆಂಡತಿ. ವೇಷದ ಬಟ್ಟೆಗಳನ್ನೆಲ್ಲ ಹೊಲಿದು, ಒಗೆದು, ಇಸ್ತ್ರಿ ಮಾಡಿ ಇಡುವ ಕೆಲಸ ಅವಳದು; ಮಾಮಾನನ್ನು ಕಾಡಿಸುವ ಕೆಲಸವೂ ಅವಳದೇ.

ನಾನು 'ನಾಟಕ' ಎಂಬ ತಾಯಿ ಕ್ಲಾಸಿನಿಂದ ಶುರು ಮಾಡಿದೆ. ಎಲ್ಲ ನಾಟಕಕ್ಕೂ ಬೇಕಾಗುವ ಮುಂದಿನ ಪರದೆ, ಹಾರ್ಮೋನಿಯಂ, ತಬಲಾ, ಬಣ್ಣದ ಪೆಟ್ಟಿಗೆ ಅದರಲ್ಲಿ ಹಾಕಿದೆ. ಮಾಮಾ ಹಿಂದೆ ನಿಂತು ನೋಡುತ್ತಿದ್ದವನು, "ಸಿಂಹಾಸನ ಹಾಕಿಲ್ಲಲ್ಲ?" ಅಂದ.

"ಎಲ್ಲಾ ನಾಟಕಕ್ಕ ಸಿಂಹಾಸನ ಬೇಕೇನ?"

"ಸಿಂಹಾಸನ ಇಲ್ಲದ್ದು ಅದೆಂಥ ನಾಟಕವ್ವಾ? ನಾಟಕ ಹುಟ್ಟಿದ್ದ ಅರಮನಿಯಾಗ. ಈ ಸಾಮಾಜಿಕ, ಹಾಸ್ಯ, ಇವೆಲ್ಲಾ ಅದರ ಮೊಮ್ಮಕ್ಕಳು."

ನನಗೂ ಮೊಮ್ಮಕ್ಕಳ ಲೆಕ್ಕವೇ ಬೇಕಾಗಿತ್ತು. ಸಿಂಹಾಸನ ತಾಯಿ ಕ್ಲಾಸಿಗೆ ಹೋಯಿತು. ಅದರ ಕೆಳಗೆ ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಎಂದು ಹೆಣ್ಣುಮಕ್ಕಳು ಹುಟ್ಟಿದರು. ಸಾಮಾಜಿಕ ನಾಟಕಕ್ಕೆ ಸಿಂಹಾಸನ ಬೇಡವಲ್ಲ, ಅದಕ್ಕೆ ಆ ಕ್ಲಾಸಿನಲ್ಲಿ 'ತಾಯಿಯ ಸಿಂಹಾಸನ ನನಗೆ ಬೇಡ' ಎಂದು ಒಂದು ಸಾಲು ಬರೆದೆ. ತಾಯಿ ಕೊಟ್ಟದ್ದನ್ನು ಮಗಳು ಬೇಡ ಅನ್ನಬೇಕಾಗಿ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಮಾಮಾನಿಗೆ ಆ ವಂಶದ ಗಿಡ ಎಷ್ಟು ಹಿಡಿಸಿತೆಂದರೆ, ಡ್ರಾಯಿಂಗ್ ಶೀಟಿನ ಮೇಲೆ ಬಣ್ಣದಲ್ಲಿ ಬರೆಸಿ ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆಗೆ ಅಂಟಿಸಿದ. ದಿನಾ ಬೆಳಿಗ್ಗೆ ಊದಿನಕಡ್ಡಿ ಹಚ್ಚುವಾಗ ಅದಕ್ಕೂ ಒಂದು ಸುತ್ತು ಹೊಗೆ ಸಿಗುತ್ತಿತ್ತು.

ಜನರಿಗೂ ಒಂದು ಗಿಡ ಮಾಡಿದೆ. 'ವ್ಯಕ್ತಿ' ತಾಯಿ, ಮಾಲಕ, ಚಾಲಕ, ಕಲಾವಿದ, ವಾದ್ಯದವ ಮಕ್ಕಳು. ಒಬ್ಬ ಮನುಷ್ಯ ಇವುಗಳಲ್ಲಿ ಯಾವುದಾದರೂ ಒಂದು ಮಾತ್ರ ಆಗಬಹುದು.

"ಮಾಮಾ, ನೀ ಮಾಲಕನೋ ಕಲಾವಿದನೋ?" ಎಂದು ಕೇಳಿದೆ.

ಮಾಮಾ ಹೇಳಲು ಹೊತ್ತು ಮಾಡಿದ. ಗದ್ದ ಕೆರೆದುಕೊಂಡ. "ಒಂದ ಹೇಳಬೇಕೇನ?"

"ಒಂದ."

"ಹಂಗಾದ್ರ ಮಾಲಕ ಅಂತ ಬರಿ."

ಬರೆದೆ. ಅವನು ಹೊತ್ತು ಮಾಡಿದ್ದಕ್ಕೆ ಕಾರಣ ಇತ್ತು. ನನಗೆ ಗೊತ್ತಿತ್ತು ಕೂಡ. ಹುಡುಗನಾಗಿದ್ದಾಗ ಮಾಮಾ ಓದಲಿಕ್ಕೆಂದು ಹುಕ್ಕೇರಿ ಕಡೆಯ ಒಂದು ಹಳ್ಳಿಯಲ್ಲಿ ಬಂಧುಗಳ ಮನೆಯಲ್ಲಿದ್ದ. ಓದು ಎಷ್ಟಾಯಿತೋ ದೇವರಿಗೇ ಗೊತ್ತು, ಆದರೆ ಆ ಊರಿನ ನಾಟಕದಲ್ಲಿ ಸ್ತ್ರೀ ಪಾತ್ರ ಮಾಡಿ ಸುತ್ತಲ ಊರಿನಲ್ಲೆಲ್ಲ ಹೆಸರು ಮಾಡಿದ. ಅವನು ಅಳುವ ದೃಶ್ಯಕ್ಕೆ ಹೆಂಗಸರು ಸೆರಗು ಹಿಡಿದು ಅಳುತ್ತಿದ್ದರಂತೆ. ಅಂಗಡಿ ಇಟ್ಟ ಮೇಲೆ ಬಣ್ಣ ಹಚ್ಚುವುದನ್ನು ಬಿಟ್ಟ. ಸಾಮಾನು ಕೊಡುವ ಮಾಲಕ ಸೀರೆ ಉಟ್ಟು ಕುಣಿದರೆ ಗಿರಾಕಿಗಳು ಏನಂದಾರು ಎಂಬ ಅಂಜಿಕೆ. ಬಣ್ಣ ಬಿಟ್ಟವನು ಆ ಊರನ್ನು ಮಾತ್ರ ಬಿಟ್ಟಿರಲಿಲ್ಲ. ಪ್ರತಿ ವರ್ಷ ಆ ಊರಿನ ನಾಟಕಕ್ಕೆ ಅವನ ಅಂಗಡಿಯಿಂದಲೇ ಸಾಮಾನು. ಎಲ್ಲಕ್ಕಿಂತ ಚೆಂದದ ಸೀರೆ, ಹೊಳಪು ಹೋಗದ ಕಿರೀಟ ಆ ಊರಿಗೇ ಮೀಸಲು. ಆ ಊರಿನ ಟೆಂಪೋ ಹೊರಡುವ ದಿನ ಮಾಮಾ ಬೆಳಿಗ್ಗೆಯೇ ಜಳಕ ಮಾಡಿ ಇಸ್ತ್ರಿ ಅಂಗಿ ಹಾಕುತ್ತಿದ್ದ.

ಪ್ರೋಗ್ರಾಂ ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ನಾಟಕದ ಹೆಸರು ಒತ್ತಿದರೆ ಪ್ರಿಂಟರಿನಿಂದ ಸಾಮಾನಿನ ಪಟ್ಟಿ ಬರುತ್ತಿತ್ತು. ಮಾಮಾ ಅದನ್ನು ಗಿರಾಕಿಗಳ ಮುಂದೆ ಬೇಕೆಂದೇ ಹರಿದು ಕೊಡುತ್ತಿದ್ದ. ಆಮೇಲೆ ಅವನಿಗೆ ಹೊಸ ಸಿಂಹಾಸನದ ಹುಚ್ಚು ಹಿಡಿಯಿತು. ಗೋಕಾಕದಲ್ಲಿ ಕಟ್ಟಿಗೆಯ ಬೊಂಬೆ ಮಾಡುವವರ ಕಡೆಯಿಂದ ಎರಡು ಸಿಂಹ ಕೆತ್ತಿಸಿ, ಅರಿಶಿಣದಂಥ ಬಣ್ಣ ಬಳಿಸಿ ತಂದ. ಬೊಂಬೆ ಮಾಡಿ ರೂಢಿಯಾದ ಕೈ. ಸಿಂಹಗಳ ಕಣ್ಣು ದುಂಡಗೆ ಅರಳಿ, ಏನನ್ನೋ ನೋಡಿ ಬೆರಗಾದ ಹಾಗಿದ್ದವು. ಅದಕ್ಕೊಪ್ಪುವ ಹೊಸ ಮಖಮಲ್ಲಿನ ಪರದೆ ಬೇರೆ. ಎರಡನ್ನೂ ಸೇರಿಸಿ 'ಹೊಸ ದರ್ಬಾರ್' ಎಂದು ಹೆಸರಿಟ್ಟು, ಹಾಕು ಅಂದ. ನಾನು ಬಸ್ಸಿನ ಗಡಿಬಿಡಿಯಲ್ಲಿ ತಾಯಿ ಕ್ಲಾಸಿಗೆ ಒಂದು ಸಾಲು ಸೇರಿಸಿ ಹೊರಟೆ.

ಸಾಮಾಜಿಕ ನಾಟಕ ಬೇಡವೆಂದದ್ದು ಹಳೆಯ ಸಿಂಹಾಸನವನ್ನು. ಹೊಸ ದರ್ಬಾರಿನ ಸುದ್ದಿ ಆ ಮಗಳಿಗೆ ಗೊತ್ತೇ ಇರಲಿಲ್ಲ. ತಾಯಿ ಕೊಟ್ಟಳು, ಮಗಳು ಸುಮ್ಮನೆ ತೆಗೆದುಕೊಂಡಳು.

ಅದಾದ ಮೇಲೆ ಹೊರಟ ಮೊದಲ ಸಾಮಾಜಿಕ ನಾಟಕವೇ ಹುಕ್ಕೇರಿ ಕಡೆಯ ಆ ಊರಿನದು. ಆ ದಿನ ಮಾಮಾ ತಪ್ಪಿಸಲಾಗದ ಒಂದು ಮದುವೆಗೆ ಹೋಗಿದ್ದ. ಪ್ರಿಂಟರಿನ ಪಟ್ಟಿಯನ್ನು ಟೆಂಪೋ ಡ್ರೈವರ್ ಕೈಗೆ ಕೊಟ್ಟದ್ದು ಅತ್ತಿ. ಪಟ್ಟಿಯಲ್ಲಿ ಮೊದಲು ತಾಯಿಯ ಸಾಮಾನು, ಆಮೇಲೆ ಮಗಳದು. ಡ್ರೈವರ್ ಮೇಲಿನಿಂದ ಒಂದೊಂದೇ ತುಂಬುತ್ತಾ ಬಂದ. ಹೊಸ ದರ್ಬಾರ್ ಅರ್ಧ ಟೆಂಪೋ ನುಂಗಿತು. ಕೊನೆಯಲ್ಲಿದ್ದ ಗುಡಿಸಲಿನ ಪರದೆಗೂ ಬಿದಿರಿನ ತಟ್ಟಿಗೂ ಜಾಗ ಉಳಿಯಲಿಲ್ಲ. ಕಂಪ್ಯೂಟರ್ ಮೊದಲು ಬರೆದದ್ದೇ ಮುಖ್ಯವಾದದ್ದು ಎಂದುಕೊಂಡು ಅವನು ಅವೆರಡನ್ನೂ ಬಿಟ್ಟು ಹೊರಟ.

ಮುಂದಿನ ಭಾನುವಾರ ನಾನು ಅಂಗಡಿಯಲ್ಲಿದ್ದಾಗ ಆ ಊರಿನ ಶಾಲಾ ಮಾಸ್ತರರು ಬಂದರು. ನಾಟಕ ಬರೆಯುವವರೂ ಅವರೇ, ಆಡಿಸುವವರೂ ಅವರೇ. ಬಂದವರು ಕುರ್ಚಿಯಲ್ಲಿ ಕೂರಲಿಲ್ಲ.

"ಬರ್ರಿ ಮಾಸ್ತರ, ಬರ್ರಿ. ಚಹಾ ತಗೋರಿ," ಅಂದ ಮಾಮಾ.

"ಚಹಾ ಆಮ್ಯಾಲ ಮಾಲಕರ. ನಮ್ಮ ನಾಟಕಾ ಯಾವುದು ಅಂತ ನಿಮಗ ಗೊತ್ತೈತೇನ್ರಿ?"

"ಕುರಿ ಕಾಯಾಂವಂದು. ಬಡವ ಪಾಪ, ಅವ್ವನ ಜೋಡಿ ಗುಡಿಸಲದಾಗ ಇರತಾನ."

"ಹೌದಲ್ಲ? ಪರದೆ ಎದ್ದ ಕೂಡಲೆ ಆ ಮುದುಕಿ ಅಳತಾಳ್ರಿ, 'ಕುಂದ್ರಾಕ ಒಂದ ಚಾಪಿ ಸುದ್ದಾ ಇಲ್ಲದ ಗುಡಿಸಲ ಇದು ಮಗನ' ಅಂತ. ನಾವು ಒಳಗ ಬಣ್ಣಾ ಹಚ್ಚಗೋತ ಕುಂತಾಗ ನಿಮ್ಮ ಡ್ರೈವರ್ ಪಟ್ಟಿ ಪ್ರಕಾರ ರಂಗಾ ಸಜ್ಜ ಮಾಡ್ಯಾನ; ಹಿಂದ ನೋಡಿದ್ರ ಮಖಮಲ್! ಬಾಜೂಕ ಎರಡ ಸಿಂಹ ಕಣ್ಣ ಬಿಟ್ಟಗೊಂಡ ಕುಂತಾವು! ಮಂದಿ ಕೂಗಾಕ ಹತ್ತಿದ್ರು, 'ಚಾಪಿ ಯಾಕೋ, ಸಿಂಹಾಸನದ ಮ್ಯಾಲ ಕುಂದ್ರಸೋ ನಿಮ್ಮವ್ವನ್ನ' ಅಂತ. ಜನಾ ಅಳಲಿ ಅಂತ ಬರದ ನಾಟಕಾ ರೀ ಅದು. ನಕ್ಕ ನಕ್ಕ ಬಿದ್ದರು."

ನಾನು ನಗು ತಡೆಯಲು ತುಟಿ ಕಚ್ಚಿ ಹಿಡಿದೆ. ಮಾಸ್ತರರು ನನ್ನನ್ನು ನೋಡಿದರು. ಅವರ ಮೀಸೆಯೂ ಒಂದು ಕ್ಷಣ ಅಲುಗಿತು. ಆದರೆ ಹೇಳಬೇಕಾದದ್ದನ್ನು ಹೇಳಿಯೇ ಬಿಟ್ಟರು. ಊರಿನ ಹುಡುಗರು ಇನ್ನು ಬೇರೆ ಕಡೆಯಿಂದ ಸಾಮಾನು ತರೋಣ ಎಂದು ಪಟ್ಟು ಹಿಡಿದಿದ್ದರು. ಹಳೆಯ ನಂಟು ಎಂದು ಮಾಸ್ತರರು ಒಂದು ಸಲದ ಮಟ್ಟಿಗೆ ತಡೆದಿದ್ದರು. ಶಾಲೆಗೆ ಬೇಸಿಗೆ ರಜೆ ಬಿಡುವ ಮೊದಲು ಇನ್ನೊಂದು ನಾಟಕ ಇತ್ತು. ಅದರಲ್ಲಿ ಒಂದು ವಸ್ತು ಹೆಚ್ಚು ಕಡಿಮೆ ಆದರೂ ನಂಟು ಅಷ್ಟಕ್ಕೇ ಮುಗಿಯಿತು.

ಅವರು ಹೋದ ಮೇಲೆ ಮಾಮಾ ಆ ಖಾಲಿ ಕುರ್ಚಿಯಲ್ಲಿ ತಾನೇ ಕೂತ. ಬೇರೆ ಯಾವ ಊರು ಬಿಟ್ಟರೂ ಅವನಿಗೆ ಲಾಭ ನಷ್ಟದ ಮಾತು. ಈ ಊರು ಬಿಟ್ಟರೆ ರಂಗದ ಜೊತೆಗೆ ಅವನಿಗಿದ್ದ ಕೊನೆಯ ಎಳೆಯೇ ಹರಿದ ಹಾಗೆ. ಅದು ಗೊತ್ತಿದ್ದರೂ ನಾನು ಬಾಯಿ ಮುಚ್ಚಿಕೊಳ್ಳಲಿಲ್ಲ. ಸಿಂಹಾಸನವನ್ನು ತಾಯಿಯ ತಲೆಗೆ ಕಟ್ಟಿದವನು ನೀನು ಎಂದೆ. ಕಟ್ಟಿದಾಕಿ ನೀನು ಎಂದ. ಬೇಕಾದರೆ ಇಬ್ಬರೂ ಆ ಸಿಂಹಾಸನದ ಮೇಲೆ ಕೂತು ಜಗಳಾಡಿ ಎಂದು ಅತ್ತಿ ಒಳಗಿನಿಂದ ಕೂಗಿದಳು.

ಮಾಸ್ತರರು ಕೊಟ್ಟುಹೋಗಿದ್ದ ಹೊಸ ನಾಟಕದ ಹಸ್ತಪ್ರತಿ ಓದಿದಾಗ ನನಗೆ ತಲೆ ಗಿರ್ ಅಂದಿತು. ಕತೆ ಒಂದು ಹಳ್ಳಿಯ ಮನೆಯದು, ಅಂದರೆ ಸಾಮಾಜಿಕ. ನಡುವೆ ನಾಯಕಿಗೆ ಕನಸು ಬಿದ್ದು ಕೃಷ್ಣ ಬರುತ್ತಾನೆ, ಅಂದರೆ ಪೌರಾಣಿಕ. ಕೊನೆಗೆ ಪೊಲೀಸರು, ಕೋರ್ಟು. ಈ ನಾಟಕದ ತಾಯಿ ಯಾರು? ಸಿ ಪ್ಲಸ್ ಪ್ಲಸ್‌ನಲ್ಲಿ ಒಬ್ಬ ಮಗಳಿಗೆ ಇಬ್ಬರು ತಾಯಂದಿರನ್ನು ಕೊಡಲಿಕ್ಕೂ ಬರುತ್ತದೆ. ಜಾಣತನ ತೋರಿಸಲಿಕ್ಕೆ ಹೋಗಿ ಅದನ್ನೇ ಮಾಡಿದೆ. ಪ್ರಿಂಟರ್ ಕರ್ ಕರ್ ಎಂದು ಪಟ್ಟಿ ಕೊಟ್ಟಿತು. ಮಾಮಾ ಕನ್ನಡಕ ಏರಿಸಿ ಓದಿದ.

"ಎರಡ ಹಾರ್ಮೋನಿಯಂ. ಎರಡ ತಬಲಾ. ಎರಡ ಮುಂದಿನ ಪರದೆ. ಯಾಕವ್ವಾ, ಒಂದ ಪರದೆ ಏಳಲಿಲ್ಲಂದ್ರ ಇನ್ನೊಂದ ಏಳಲಿ ಅಂತೇನ?"

ಸಾಮಾಜಿಕವೂ ಪೌರಾಣಿಕವೂ ಒಂದೇ ತಾಯಿಯ ಮಕ್ಕಳ ಹಾಗೆ ಒಬ್ಬೊಬ್ಬರೂ ತಮ್ಮ ಪಾಲಿನ ಹಾರ್ಮೋನಿಯಂ ಹೊತ್ತು ತಂದಿದ್ದರು. ಅದನ್ನು ತಪ್ಪಿಸಲಿಕ್ಕೂ ಒಂದು ಉಪಾಯ ಪುಸ್ತಕದಲ್ಲಿತ್ತು. ಆದರೆ ತೇಪೆಯ ಮೇಲೆ ತೇಪೆ ಹಾಕುವುದಕ್ಕೂ ಒಂದು ಮಿತಿ ಇರುತ್ತದೆ. ನಾನು ಸಿಟ್ಟಿನಿಂದ ಕಂಪ್ಯೂಟರ್ ಆರಿಸಿ, ಹಸ್ತಪ್ರತಿ ಚೀಲದಲ್ಲಿ ತುರುಕಿಕೊಂಡು ಗೋಕಾಕದ ಬಸ್ಸು ಹತ್ತಿದೆ.

ಅರಭಾವಿಯಲ್ಲಿ ಬಸ್ಸು ಸುಮ್ಮನೆ ನಿಂತುಬಿಟ್ಟಿತು. ಕಂಡಕ್ಟರ್ ಯಾರ ಜೊತೆಗೋ ಮಾತಿಗೆ ಇಳಿದಿದ್ದ. ಬೇಸರಕ್ಕೆ ಹಸ್ತಪ್ರತಿ ತೆಗೆದು ಮತ್ತೆ ಓದಿದೆ. ಮಾಸ್ತರರ ಅಕ್ಷರ ದುಂಡಗೆ. ಪ್ರತಿ ದೃಶ್ಯದ ತಲೆಯ ಮೇಲೆ ಅವರು ಎರಡು ಸಾಲು ಬರೆದಿದ್ದರು. ದೃಶ್ಯ ಒಂದು, ಮನೆಯ ಅಂಗಳ, ಅಜ್ಜಿ ಅಕ್ಕಿ ಆರಿಸುತ್ತಾ ಕೂತಿದ್ದಾಳೆ. ದೃಶ್ಯ ಎರಡು, ಕನಸು, ನೀಲಿ ಬೆಳಕು, ಕೊಳಲು. ಅವುಗಳನ್ನು ನಾನು ಮೊದಲೂ ಓದಿದ್ದೆ, ಆದರೆ ಈ ನಾಟಕ ಯಾರ ಮಗಳು ಎಂಬ ಒಂದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಓದಿದ್ದೆ. ಈ ನಾಟಕದೊಳಗೆ ಏನೇನಿದೆ ಎಂದು ಕೇಳಿಯೇ ಇರಲಿಲ್ಲ. ಕೇಳಿದ್ದರೆ ಉತ್ತರ ಮಾಸ್ತರರ ಅಕ್ಷರದಲ್ಲೇ ಇತ್ತು: ನಾಟಕದಲ್ಲಿ ದೃಶ್ಯಗಳಿವೆ, ದೃಶ್ಯದಲ್ಲಿ ಪರದೆ, ವೇಷ, ವಸ್ತುಗಳಿವೆ. ಬಾಗಿಲಿಗೆ ಬಂದವರ ಕುಲ ಕೇಳಬಾರದು ಎಂದು ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಕಲಿಸಿದ್ದರು. ಪಾಪ, ಬಂದ ಬಂದ ನಾಟಕಗಳಿಗೆಲ್ಲ ನಾನು ಅದನ್ನೇ ಕೇಳುತ್ತಾ ಕೂತಿದ್ದೆ.

ಬಸ್ಸಿನಲ್ಲೇ ಗಟ್ಟಿಯಾಗಿ ನಕ್ಕಿರಬೇಕು. ಪಕ್ಕದಲ್ಲಿದ್ದ ಅಜ್ಜಿ ಸ್ವಲ್ಪ ಸರಿದು ಕೂತಳು.

ಇದು ನನ್ನ ಶೋಧ ಅಲ್ಲ. ನಾನು ಕಲಿಸುವ ಪುಸ್ತಕದಲ್ಲೇ ಕಾಂಪೋಸಿಷನ್ ಎಂದು ಒಂದು ಪಾಠ ಇತ್ತು: ವಂಶದಿಂದ ಪಡೆಯುವ ಬದಲು, ಬೇಕಾದ ಸಣ್ಣ ಸಣ್ಣ ಭಾಗಗಳನ್ನು ತಂದು ಜೋಡಿಸಿ ದೊಡ್ಡದನ್ನು ಮಾಡುವುದು. ಗಿಡದ ಚಿತ್ರ ಬರೆಯುವ ಸಂಭ್ರಮದಲ್ಲಿ ನಾನು ಆ ಪಾಠವನ್ನು ಪ್ರತಿ ಸಲ ಗಂಟೆ ಹೊಡೆಯುವ ಮುಂಚಿನ ಹೊತ್ತಿಗೆ ಇಟ್ಟುಕೊಂಡು ಓಡಿಸಿಬಿಡುತ್ತಿದ್ದೆ.

ಮುಂದಿನ ಭಾನುವಾರ ಹಳೆಯದನ್ನು ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಿದೆ. ಪರದೆ ಒಂದು ಕ್ಲಾಸ್, ವೇಷ ಒಂದು, ವಾದ್ಯ ಒಂದು. ಇವುಗಳಲ್ಲಿ ತನಗೆ ಬೇಕಾದದ್ದನ್ನು ಇಟ್ಟುಕೊಂಡದ್ದು ದೃಶ್ಯ. ದೃಶ್ಯಗಳನ್ನು ಇಟ್ಟುಕೊಂಡದ್ದು ನಾಟಕ. ಯಾವ ದೃಶ್ಯವೂ ಕೇಳದ ವಸ್ತು ಟೆಂಪೋ ಹತ್ತುವಂತಿಲ್ಲ. ಹಾಗೆಂದು ತಾಯಿ ಮಗಳ ಸಂಬಂಧವನ್ನು ಪೂರ್ತಿ ಓಡಿಸಲಿಲ್ಲ. ಅಂಗಡಿಯ ಎಲ್ಲ ವಸ್ತುವಿಗೂ ಒಂದು ಹೆಸರು, ಇಡುವ ಒಂದು ಜಾಗ ಇರುತ್ತದಲ್ಲ, ಅಷ್ಟಕ್ಕೆ ಒಂದು ಪುಟ್ಟ ತಾಯಿಯನ್ನು ಉಳಿಸಿಕೊಂಡೆ. ಅವಳ ಹತ್ತಿರ ಸಿಂಹಾಸನ ಇರಲಿಲ್ಲ.

ಮಾಮಾನಿಗೆ ಇದು ಸೇರಲಿಲ್ಲ. ಗೋಡೆಯ ಮೇಲಿನ ಚಿತ್ರ ನೋಡಿ, ನನ್ನನ್ನು ನೋಡಿ, ಮುಖ ಸಣ್ಣದು ಮಾಡಿದ.

"ಅಂದ್ರ ನನ್ನ ನಾಟಕಗೋಳಿಗೆ ಅವ್ವಾನ ಇಲ್ಲೇನ?"

"ಅದಾಳ ಮಾಮಾ. ಎಲ್ಲಾದಕೂ ಅವ್ವ ಇರತಾಳ. ಆದ್ರ ಅಕಿ ಟೆಂಪೋದಾಗ ಬರೂದಿಲ್ಲ."

"ಗುಡಿಸಲಕ್ಕ ಸಿಂಹಾಸನ ಹೋಗೂದಿಲ್ಲ?"

"ನೀ ಹಾಕಂದ್ರೂ ಹೋಗೂದಿಲ್ಲ."

ಮಾಮಾ ಒಂದು ದೃಶ್ಯ ಒತ್ತಿ ನೋಡಿದ, ಇನ್ನೊಂದು ಒತ್ತಿ ನೋಡಿದ. ಕನಸಿನ ದೃಶ್ಯವನ್ನು ತೆಗೆದು ಬೇರೆ ನಾಟಕಕ್ಕೆ ಜೋಡಿಸಿದರೆ ಕೊಳಲು, ನವಿಲುಗರಿ, ನೀಲಿ ದೀಪ ತಾವಾಗಿ ಆ ಪಟ್ಟಿಗೆ ಹೋದವು. ಹಾರ್ಮೋನಿಯಂ ಒಂದೇ ಬಂತು. ಆಮೇಲೆ ಅವನು ಆಟಕ್ಕೆ ಬಿದ್ದ. ಯುದ್ಧದ ನಾಟಕಕ್ಕೆ ಕೋರ್ಟು ಹಾಕಿದ, ಕೋರ್ಟಿಗೆ ಕೃಷ್ಣನನ್ನು ಕಳಿಸಿದ. ನನ್ನ ರೊಟ್ಟಿ ಆರಿಹೋಯಿತು, ಅವನು ಕುರ್ಚಿ ಬಿಡಲಿಲ್ಲ.

ಕೊನೆಗೆ ಜನರ ಸರದಿ ಬಂತು. ಅಲ್ಲೂ ಗಿಡ ಕಡಿದು ಹಾಕಿದ್ದೆ. ಈಗ ಒಬ್ಬ ವ್ಯಕ್ತಿ ಮಾಲಕ 'ಆಗಿರುವ' ಬದಲು, ಅವನ 'ಹತ್ತಿರ' ಕೆಲಸಗಳು ಇರುತ್ತಿದ್ದವು. ಎಷ್ಟು ಬೇಕಾದರೂ. ತಬಲಾದವನು ಅಡುಗೆಯನ್ನೂ ಮಾಡುತ್ತಾನೆ, ಡ್ರೈವರ್ ಫೌಜದಾರನ ಪಾತ್ರವನ್ನೂ ಮಾಡುತ್ತಾನೆ ಎಂದು ಒಬ್ಬೊಬ್ಬರದನ್ನೂ ತುಂಬಿ ಮಾಮಾನ ಹೆಸರಿಗೆ ಬಂದೆ.

"ಮಾಲಕ," ಅಂದ ಅವನು, ಕೇಳುವ ಮೊದಲೇ.

"ಮತ್ತ?"

"ಮತ್ತೇನ? ಆವತ್ತ ಒಂದ ಹೇಳು ಅಂದಿದ್ದಿ."

"ಆಗ ಒಂದ. ಈಗ ಎಷ್ಟ ಬೇಕಾದ್ರೂ ಹೇಳು."

"ಡ್ರೈವರ್ ಬರಲಿಲ್ಲಂದ್ರ ಟೆಂಪೋ ಹೊಡಿತೇನಿ. ಬರಿ."

"ಮತ್ತ?"

ಹೊಲಿಗೆ ಯಂತ್ರದ ಸದ್ದು ನಿಂತಿತು. ಅತ್ತಿ ಇತ್ತ ನೋಡುತ್ತಿದ್ದಳು. ಮಾಮಾ ಎದ್ದು, ನಿಲ್ಲಿಸಿಟ್ಟಿದ್ದ ಕಿರೀಟಗಳ ಸಾಲನ್ನು ಸುಮ್ಮಸುಮ್ಮನೆ ಸರಿಮಾಡಿದ. ಬೆನ್ನು ನಮ್ಮ ಕಡೆ ಇತ್ತು.

"ಸ್ತ್ರೀ ಪಾತ್ರ ಅಂತ ಬರಿ," ಅಂದ. "ಬರಿ ಅಂದ್ರ ಬರಿ. ಇಬ್ಬರೂ ನಗಬ್ಯಾಡ್ರಿ."

ನಾವು ನಗಲಿಲ್ಲ. ನಾನು ಬರೆದೆ. ಅತ್ತಿ ಮತ್ತೆ ಯಂತ್ರ ತುಳಿಯತೊಡಗಿದಳು.

ಮಾಸ್ತರರ ನಾಟಕದ ದಿನ ನಾನು ರಜೆ ಹಾಕಿ ಮೂಡಲಗಿಗೆ ಹೋದೆ. ಪಟ್ಟಿ ಬಂತು, ಟೆಂಪೋ ತುಂಬಿತು. ಅಂಗಳದ ಪರದೆ, ಮೊರ, ಕೊಳಲು, ನೀಲಿ ದೀಪ, ಪೊಲೀಸ್ ಟೋಪಿ, ನ್ಯಾಯಾಧೀಶರ ಕರಿ ಕೋಟು. ಬೆರಗುಗಣ್ಣಿನ ಸಿಂಹಗಳು ಮಾತ್ರ ಅಂಗಡಿಯಲ್ಲೇ ಕೂತು ನೋಡುತ್ತಿದ್ದವು. ಇನ್ನೇನು ಹೊರಡಬೇಕು ಎನ್ನುವಾಗ ಫೋನು ಹೊಡೆದುಕೊಂಡಿತು. ನಾನೇ ಎತ್ತಿದೆ. ಆ ಕಡೆ ಮಾಸ್ತರರು. ಅಜ್ಜಿಯ ಪಾತ್ರ ಮಾಡಬೇಕಾಗಿದ್ದ ಅವರ ಜೊತೆಯ ಶಿಕ್ಷಕರಿಗೆ ದಿಢೀರನೆ ತರಬೇತಿಯ ಆದೇಶ ಬಂದು ಬೆಳಗಾವಿಗೆ ಹೋಗಬೇಕಾಗಿತ್ತು. ಅಜ್ಜಿ ಇಲ್ಲದೆ ಮೊದಲ ದೃಶ್ಯವೇ ಇಲ್ಲ.

"ಮುದುಕಿ ಪಾತ್ರಕ್ಕ ಯಾರರೆ ಸಿಗತಾರೇನ್ರಿ ಅಕ್ಕಾರ? ಸಾಮಾನ ಎಲ್ಲಾ ಬಂದೂ ನಾಟಕಾ ನಿಂತ್ರ ನಮ್ಮ ಹುಡುಗರು ಮತ್ತ ನಿಮ್ಮ ಅಂಗಡೀನ ಬೈತಾರ್ರಿ."

"ಒಂದ ನಿಮಿಷ ಇರ್ರಿ," ಎಂದು ಫೋನನ್ನು ಮೇಜಿನ ಮೇಲಿಟ್ಟೆ. ಹಳೆಯ ಪ್ರೋಗ್ರಾಂ ಆಗಿದ್ದರೆ ಕಲಾವಿದರ ಟೊಂಗೆಯನ್ನಷ್ಟೇ ಹುಡುಕಿ ಸುಮ್ಮನಾಗುತ್ತಿತ್ತು. ಅಲ್ಲಿದ್ದ ಹೆಂಗಸರೆಲ್ಲ ಆ ವಾರ ಬೇರೆ ಊರುಗಳಿಗೆ ಹೋಗಿದ್ದರು. ಹೊಸದರಲ್ಲಿ ನಾನು ಟೊಂಗೆ ಕೇಳಲಿಲ್ಲ. ಸ್ತ್ರೀ ಪಾತ್ರ ಯಾರ ಹತ್ತಿರ ಇದೆ, ಇವತ್ತು ಊರಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಕಂಪ್ಯೂಟರಿನ ಪರದೆಯ ಮೇಲೆ ಒಂದೇ ಹೆಸರು ಬಂತು.

ನಾನು ಅದನ್ನು ಗಟ್ಟಿಯಾಗಿ ಓದಿದೆ.

ಮಾಮಾ ಟೆಂಪೋದ ಹಗ್ಗ ಕಟ್ಟುತ್ತಿದ್ದವನು ಅಲ್ಲೇ ನಿಂತ. "ಏನ ಹುಚ್ಚೀ ನೀ? ಗಿರಾಕಿ ಮುಂದ ನಾ ಸೀರಿ ಉಡಲೇನ? ಈ ಹೊಟ್ಟಿ ಹೊತಗೊಂಡ?"

"ಮುದುಕಿಗೆ ಹೊಟ್ಟಿ ಇರೂದಿಲ್ಲೇನ?" ಅಂದಳು ಅತ್ತಿ. ಒಳಗೆ ಹೋಗಿ ಬಂದಾಗ ಅವಳ ಕೈಯಲ್ಲಿದ್ದದ್ದು ವೇಷದ ಸೀರೆ ಅಲ್ಲ. ಅವಳದೇ ಇಳಕಲ್ ಸೀರೆ. ಉಟ್ಟು ಉಟ್ಟು ಮೆತ್ತಗಾದದ್ದು. "ಮೀಸಿ ಬೋಳಿಸಿಕೊಂಡ ಹೋಗ್ರಿ. ಇದ್ದಂಗ ಹೋದ್ರ ಮೊದಲಿಗಿಂತ ಹೆಚ್ಚ ನಗತಾರ." ಮುದುಕಿ ಟೆಂಪೋದಾಗ ಬರತಾಳ ಎಂದು ನಾನು ಫೋನಿನಲ್ಲಿ ಮಾಸ್ತರರಿಗೆ ಹೇಳಿದೆ.

ಮೂಡಲಗಿಯಿಂದ ಹುಕ್ಕೇರಿ ಕಡೆಗೆ ಟೆಂಪೋದ ಮುಂದಿನ ಸೀಟಿನಲ್ಲಿ ಮಾಮಾ ಹಸ್ತಪ್ರತಿ ಹಿಡಿದು ಬಡಬಡಿಸುತ್ತಾ ಬಂದ. ನಾನೂ ಅತ್ತಿಯೂ ಹಿಂದೆ ಅಂಗಳದ ಪರದೆಯ ಸುರುಳಿಯ ಮೇಲೆ ಕೂತಿದ್ದೆವು. ಶಾಲೆಯ ಬಯಲಿನಲ್ಲಿ ಪರದೆ ಎದ್ದಾಗ ಅಜ್ಜಿ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದಳು. ಮಾಮಾನ ಮೀಸೆ ಹೋಗಿತ್ತು, ಹೊಟ್ಟೆ ಹಾಗೇ ಇತ್ತು. ಮೊದಲು ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಕೊನೆಯ ಕಡೆ, ಪೊಲೀಸರು ಬಂದಾಗ, ಅಜ್ಜಿ ಮೊರದಲ್ಲಿ ಕಲ್ಲು ಹುಡುಕುತ್ತಾ, ತಲೆ ಎತ್ತದೆ, ಜೇಲಿಗೆ ಹೋಗುವ ಮೊಮ್ಮಗನಿಗೆ ಊಟ ಮಾಡಿಕೊಂಡು ಹೋಗು ಅಂದಳು. ಅಷ್ಟೇ ಮಾತು. ಹೆಂಗಸರು ಕೂತ ಕಡೆ ಒಬ್ಬೊಬ್ಬರಾಗಿ ಸೆರಗು ಎತ್ತುವುದು ನನಗೆ ಕಂಡಿತು. ಪಕ್ಕದಲ್ಲಿ ಅತ್ತಿ ನನ್ನ ಸೆರಗನ್ನೇ ಎಳೆದುಕೊಂಡು ಕಣ್ಣು ಒರೆಸಿಕೊಂಡಳು. ಅವಳ ಸೀರೆ ಅಲ್ಲಿ ರಂಗದ ಮೇಲಿದೆಯಲ್ಲ ಎಂದು ಆಮೇಲೆ ನೆಪ ಹೇಳಿದಳು.

ಮರುದಿನ ಬೆಳಿಗ್ಗೆ ಮಾಸ್ತರರು ಮುಂದಿನ ವರ್ಷದ ನಾಟಕಕ್ಕೂ ಮಾಮಾನ ಅಂಗಡಿಯಿಂದಲೇ ಸಾಮಾನು ಎಂದು ಹೇಳಿ, ನಮ್ಮನ್ನು ಟೆಂಪೋದವರೆಗೆ ಬಂದು ಕಳಿಸಿದರು. ಅಜ್ಜಿಯ ಪಾತ್ರವನ್ನೂ ಬರೆದೇ ಬರೆಯುತ್ತೇನೆ ಎಂದರು. ಮಾಮಾ ದಾರಿಯುದ್ದಕ್ಕೂ ಬೋಳಾದ ಮೇಲ್ತುಟಿಯನ್ನು ಸವರಿಕೊಳ್ಳುತ್ತಾ ಬಂದ.

ಅಂಗಡಿಗೆ ಬಂದವನೇ ಸಾಮಾನು ಇಳಿಸುವುದನ್ನೂ ನೋಡದೆ ಕಂಪ್ಯೂಟರಿನ ಮುಂದೆ ಬಂದು ನಿಂತ. ಕಣ್ಣಿಗೆ ಹಚ್ಚಿದ ಕಾಡಿಗೆ ಇನ್ನೂ ಪೂರ್ತಿ ಹೋಗಿರಲಿಲ್ಲ.

"ತಂಗಿ, ನನ್ನ ಹೆಸರ ತಗಿ."

ತೆಗೆದೆ. ಮಾಲಕ, ಚಾಲಕ, ಸ್ತ್ರೀ ಪಾತ್ರ ಎಂದು ಸಾಲಾಗಿ ಇದ್ದವು.

"ಆ ಮಾಲಕ ಅನ್ನೂದು ಐತೆಲ್ಲಾ," ಅಂದ ಮಾಮಾ, "ಅದನ್ನ ಎಲ್ಲಾದಕಿಂತಾ ಕೆಳಗ ಹಾಕು."